ಜೇಡಿಮಣ್ಣಿನಲ್ಲಿ ದೊರೆತ ಪುರಾವೆ

ಯುರೇನಸ್ಸಿನ ಚಲನೆಯಲ್ಲಿ ಕಂಡ ವ್ಯತ್ಯಾಸದಿಂದ ಲವೆರಿಯೇ ಲೆಕ್ಕ ಹಾಕಿ ಸೂಚಿಸಿದ ಜಾಗದ ಸಮೀಪದಲ್ಲೇ 1846ರಲ್ಲಿ ನೆಪ್ಚೂನ್ ಪತ್ತೆಯಾದುದನ್ನು ನೀವು ಓದಿರುತ್ತೀರಿ. ಇಂಥದೇ ಘಟನೆ ಭಾಷಾವಿಜ್ಞಾನದಲ್ಲೂ ನಡೆದಿದೆ ಎಂಬುದು ಗೊತ್ತೆ?

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲಭಾಷೆಯಿಂದ ಕವಲೊಡೆದವು. ಅವುಗಳ ಸ್ವರಗಳನ್ನು ಹೋಲಿಸಿದ ಫರ್ಡಿನಾಂಡ್ ಡಿ ಸಸೂರ್ ಎಂಬ 21ರ ತರುಣ, 1879ರಲ್ಲಿ ಒಂದು ತರ್ಕ ಮಂಡಿಸಿದ. ಮೂಲಭಾಷೆಯಲ್ಲಿದ್ದ ಕೆಲವು ಧ್ವನಿಗಳು ನೆರೆಯ ಸ್ವರಗಳನ್ನು ಮಾರ್ಪಡಿಸಿ, ತಾವು ಅಳಿದುಹೋಗಿರಬೇಕು! ಆ ಧ್ವನಿಗಳನ್ನು ಕೇಳಿದವರಿರಲಿಲ್ಲ, ಬರೆಹದಲ್ಲಿ ಕಂಡವರೂ ಇರಲಿಲ್ಲ. ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ.

1906ರಲ್ಲಿ ಟರ್ಕಿಯ ಬೋಗಾಜ್‌ಕೊಯ್ ಎಂಬಲ್ಲಿ, ಹಿಟ್ಟೈಟರ ರಾಜಧಾನಿ ಹಟ್ಟೂಸದ ಉತ್ಖನನ ಪ್ರಾರಂಭವಾಯಿತು. ಸಾವಿರಾರು ಜೇಡಿಮಣ್ಣಿನ ಫಲಕಗಳು ದೊರೆತವು. ಬೆಣೆಲಿಪಿಯನ್ನು ಓದಬಹುದಿತ್ತು, ಭಾಷೆ ಅರ್ಥವಾಗುತ್ತಿರಲಿಲ್ಲ. ಒಂದು ವಾಕ್ಯದಲ್ಲಿ 'ರೊಟ್ಟಿ'ಯ ಸುಮೇರಿಯನ್ ಚಿಹ್ನೆಯೂ 'ವಾತರ್' ಎಂಬ ಪದವೂ ಇದ್ದವು. ಇದು ಇಂಗ್ಲಿಷಿನ 'ವಾಟರ್'ನಂತೆ ನೀರೇ ಇರಬಹುದೆ ಎಂದು ಬೆಡ್ರಿಚ್ ಹ್ರೋಜ್ನಿ ಯೋಚಿಸಿದ. ಒಂದು ಪದದ ಹೋಲಿಕೆ ಆಕಸ್ಮಿಕವಾಗಿರಬಹುದು. ಆದರೆ ಕ್ರಿಯಾಪದಗಳ ರೂಪಗಳೂ ಹೊಂದಿಕೊಂಡವು. ಹಿಟ್ಟೈಟ್ ಭಾಷೆ ಇಂಡೋ-ಯುರೋಪಿಯನ್ ಬಳಗದ್ದೆಂದು ಆತ 1915ರಲ್ಲಿ ಪ್ರಕಟಿಸಿದ.

1927ರಲ್ಲಿ ಪೋಲೆಂಡಿನ ಕುರಿವೋವಿಚ್ ಒಂದು ಅಂಶವನ್ನು ಗುರುತಿಸಿದ. ಅಳಿದ ಧ್ವನಿ ಇದ್ದಿರಬೇಕಾದ ಎಡೆಗಳಲ್ಲಿ ಹಿಟ್ಟೈಟ್ 'ಹ'ಕಾರವನ್ನು ಉಳಿಸಿಕೊಂಡಿತ್ತು. ನಾವೂ ಬಳಸುವ ಸಂಸ್ಕೃತದ 'ಅಸ್ಥಿ' ಅಲ್ಲಿ 'ಹಸ್ತಾಯ್'. ಆ ವೇಳೆಗೆ ಸಸೂರ್ ತೀರಿಕೊಂಡು 14 ವರ್ಷಗಳಾಗಿದ್ದವು.

ಊಹೆಗೂ ವೈಜ್ಞಾನಿಕ ಮುನ್ಸೂಚನೆಗೂ ಇರುವ ಅಂತರ ಇದೇ: ಮುನ್ಸೂಚನೆ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ತರಗತಿಯಲ್ಲಿ ನೆಪ್ಚೂನಿನ ಕಥೆ ಹೇಳುವಾಗ ಈ 'ಹ'ಕಾರದ ಕಥೆಯನ್ನೂ ಹೇಳಿ.