ಅಂಗಾಲು ಮುಟ್ಟೋ ಒಂದು ಎಳೆಯ ಕಥೆ

ಶುಗರ್ ಇರೋ ಅಜ್ಜಿ-ತಾತನ ಜೊತೆ ಆಸ್ಪತ್ರೆಗೆ ಹೋದವರು ಇದನ್ನ ನೋಡಿರ್ತೀರಿ. ಡಾಕ್ಟರು "ಕಣ್ಣು ಮುಚ್ಕೊಳ್ಳಿ" ಅಂತಾರೆ. ಸಣ್ಣ ನೈಲಾನ್ ಎಳೆಯೊಂದನ್ನ ಅಂಗಾಲಿಗೆ ಒತ್ತಿ "ಗೊತ್ತಾಯ್ತಾ?" ಅಂತ ಕೇಳ್ತಾರೆ. ನಮ್ಮಜ್ಜಿ ಸುಮ್ಮನೆ ಕೂತಿದ್ರು. ಇನ್ನೂ ಮುಟ್ಟೇ ಇಲ್ಲ ಅಂದ್ಕೊಂಡಿದ್ರು. ಡಾಕ್ಟರು ಆಗ್ಲೇ ಮೂರು ಸಲ ಮುಟ್ಟಾಗಿತ್ತು.

ಆ ಎಳೆಗೆ ನೂರು ವರ್ಷ ಮೀರಿದ ಇತಿಹಾಸ ಇದೆ 👇

📍 1896ರ ಸುಮಾರು, ಜರ್ಮನಿ. ಮ್ಯಾಕ್ಸ್ ಫಾನ್ ಫ್ರೈ ಎಂಬ ವಿಜ್ಞಾನಿ ಕೂದಲುಗಳನ್ನು ಕಡ್ಡಿಗೆ ಅಂಟಿಸಿ ಚರ್ಮದ ಸ್ಪರ್ಶ ಅಳೆದರು. ಉಪಾಯ ಸರಳ: ಇಂತಿಷ್ಟು ಬಲಕ್ಕೆ ಕೂದಲು ಬಾಗುತ್ತದೆ, ಬಾಗಿದ ಮೇಲೆ ಒತ್ತಡ ಹೆಚ್ಚೋದಿಲ್ಲ. ಹಾಗಾಗಿ ಯಾರು ಒತ್ತಿದರೂ ಅಳತೆ ಹೆಚ್ಚುಕಡಿಮೆ ಒಂದೇ.

📍 1960, ಅಮೆರಿಕ. ಯುದ್ಧದಲ್ಲಿ ಮಿದುಳಿಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸುತ್ತಿದ್ದ ಸೆಮ್ಸ್ ಮತ್ತು ವೈನ್‌ಸ್ಟೀನ್ ಕೂದಲಿನ ಬದಲು ನೈಲಾನ್ ಬಳಸಿದರು.

📍 ಈಗ ನಮ್ಮ ಪಕ್ಕದ ವೆಲ್ಲೂರು. ಕುಷ್ಠರೋಗಿಗಳ ಬೆರಳು ತಾನಾಗೇ ಕೊಳೆತು ಉದುರುತ್ತೆ ಅಂತ ಜನ ನಂಬಿದ್ದ ಕಾಲ. 1946ರಲ್ಲಿ ಅಲ್ಲಿಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್ ಬೇರೆಯದನ್ನೇ ಕಂಡರು. ನರ ಸತ್ತಿದೆ, ನೋವು ಗೊತ್ತಾಗಲ್ಲ, ಆದ್ದರಿಂದ ಗಾಯದ ಮೇಲೇ ನಡೀತಾರೆ. ಹಾಳು ಮಾಡ್ತಿರೋದು ನೋವಿಲ್ಲದಿರೋದು!

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯವರ ಪಾದದಲ್ಲೂ ಅದೇ ಕಥೆ. 1986ರಲ್ಲಿ ಕಾರ್ವಿಲ್‌ನ ಬರ್ಕ್ ಮತ್ತು ಸಿಮ್ಸ್ ಪಾದದ ಹುಣ್ಣು ಇರುವವರನ್ನು ಪರೀಕ್ಷಿಸಿ, 10 ಗ್ರಾಂ ಬಲಕ್ಕೆ ಬಾಗುವ ಎಳೆಯೂ ಗೊತ್ತಾಗದಿದ್ದರೆ ಪಾದ ಅಪಾಯದಲ್ಲಿದೆ ಅಂತ ತೋರಿಸಿದರು. ಅಜ್ಜಿಯ ಪಾದಕ್ಕೆ ತಾಗಿದ್ದು ಅದೇ ಎಳೆ.

⚠️ ಆದ್ರೆ ಎಳೆ ಹೇಳೋದು ಸ್ಪರ್ಶ ಹೋಗಿದೆ ಅಂತ ಮಾತ್ರ. ಯಾಕೆ ಹೋಯ್ತು ಅಂತ ಹೇಳಲ್ಲ. ಶುಗರ್ ಇದ್ದ ಮಾತ್ರಕ್ಕೆ ಶುಗರ್ರೇ ಕಾರಣ ಅಂತಲ್ಲ. ಬಿ12 ಕೊರತೆ, ಥೈರಾಯ್ಡ್, ಕಿಡ್ನಿ ತೊಂದರೆ, ಕುಡಿತ ಯಾವುದಾದರೂ ಇರಬಹುದು. ಅದಕ್ಕೇ ರಕ್ತ ಪರೀಕ್ಷೆ. ಅನುಮಾನ ಉಳಿದರೆ, ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತೆ ಅಂತ ಅಳೆಯೋ ಪರೀಕ್ಷೆ. ಇದರ ಬೇರು 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ಮೇಲೆ ಮಾಡಿದ ಪ್ರಯೋಗದಲ್ಲಿದೆ.

ಅಜ್ಜಿಗೆ ಬಿ12 ಕೂಡ ಕಡಿಮೆ ಇತ್ತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಹೀಗಾಗೋದುಂಟಂತೆ. "ಶುಗರ್ ಅಲ್ವಾ, ಇದ್ದಿದ್ದೇ" ಅಂತ ನಾವು ಬಿಟ್ಟಿದ್ರೆ ಅದು ಸಿಕ್ತಾನೇ ಇರಲಿಲ್ಲ.

ಇವತ್ತು ರಾತ್ರಿ ಮನೆಯ ಹಿರಿಯರ ಅಂಗಾಲು ಒಂದ್ಸಲ ನೋಡಿ. ಗಾಯ ಇದ್ರೂ ಅವರಿಗೆ ಗೊತ್ತಿರಲ್ಲ. 🦶

ಮುಂದಿನ ಭಾಗ: ಟ್ಯೂನಿಂಗ್ ಫೋರ್ಕ್ ಡಾಕ್ಟರ ಜೇಬಿಗೆ ಬಂದಿದ್ದು ಹೇಗೆ?

#ವಸ್ತುವಿನಹಿಂದಿನಕಥೆ #ಕನ್ನಡದಲ್ಲಿವಿಜ್ಞಾನ