ಹೆಪ್ಪುಗಟ್ಟದ ರಕ್ತದ ಕಥೆ

ಹೃದಯವನ್ನು ಕೆಲಕಾಲ ನಿಲ್ಲಿಸಿ, ಅದರ ಮತ್ತು ಶ್ವಾಸಕೋಶದ ಕಾರ್ಯವನ್ನು ಯಂತ್ರವೊಂದಕ್ಕೆ ವಹಿಸುವ ಶಸ್ತ್ರಕ್ರಿಯೆಯ ಬಗ್ಗೆ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳಿಯೇ ಇರುತ್ತೀರಿ. ಈ ಯಂತ್ರದ ಚರಿತ್ರೆಯಲ್ಲಿ ಪಂಪಿಗಿಂತಲೂ ದೊಡ್ಡ ತೊಡಕಾಗಿದ್ದುದು ರಕ್ತದ ಸ್ವಭಾವ. ರಕ್ತನಾಳದ ಒಳಪದರವನ್ನು ಬಿಟ್ಟು ಗಾಜನ್ನೋ ಲೋಹವನ್ನೋ ಸೋಕಿದರೆ ಅದು ಹೆಪ್ಪುಗಟ್ಟತೊಡಗುತ್ತದೆ. ಗಾಯವಾದಾಗ ಪ್ರಾಣ ಕಾಯುವ ಗುಣವೇ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

ಇದಕ್ಕೆ ಪರಿಹಾರ ದೊರೆತದ್ದು ತೀರ ವಿರುದ್ಧವಾದುದನ್ನು ಹುಡುಕುತ್ತಿದ್ದಾಗ. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಗೆ ಪ್ರಾಧ್ಯಾಪಕ ವಿಲಿಯಂ ಹೊವೆಲ್ ಅವರು, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯವೊಂದನ್ನು ಪರೀಕ್ಷಿಸುವ ಕೆಲಸ ವಹಿಸಿದ್ದರು. ಯಕೃತ್ತಿನಿಂದ ತೆಗೆದು ಇರಿಸಿದ್ದ ಸಾರವೋ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯಿತು! ಗುರುಗಳು ಮೊದಲು ನಂಬಲಿಲ್ಲ. ಶಿಷ್ಯನು ಬೆಕ್ಕಿನ ರಕ್ತಕ್ಕೆ ಆ ಸಾರವನ್ನು ಬೆರೆಸಿ, ಗುರುಗಳ ಮುಂದಿರಿಸಿ, ಇದು ಗಟ್ಟಿಯಾದಾಗ ತಿಳಿಸಿರೆಂದು ಕೇಳಿಕೊಂಡನಂತೆ. ಅದು ಗಟ್ಟಿಯಾಗಲೇ ಇಲ್ಲ. 1918ರಲ್ಲಿ ಹೊವೆಲ್ ಅದಕ್ಕೆ, ಯಕೃತ್ತೆಂಬ ಅರ್ಥದ ಗ್ರೀಕ್ ಪದದಿಂದ, ಹೆಪಾರಿನ್ ಎಂದು ಹೆಸರಿಟ್ಟರು. (ನಮ್ಮ ಹೆಪ್ಪಿಗೂ ಈ ಹೆಸರಿಗೂ ಇರುವ ಹೋಲಿಕೆ ಬರಿಯ ಕಾಕತಾಳೀಯ, ನೆನಪಿಡಲು ಮಾತ್ರ ಬಲು ಅನುಕೂಲ.) ಹೊವೆಲ್ ಮುಂದೆ ಬೇರ್ಪಡಿಸಿದ ದ್ರವ್ಯ ಮೆಕ್ಲೀನ್ ಕಂಡದ್ದಕ್ಕಿಂತ ಭಿನ್ನವಾದುದು. ಆದ್ದರಿಂದ ಶ್ರೇಯಸ್ಸು ಯಾರದೆಂಬ ವಾದ ಬಹುಕಾಲ ನಡೆಯಿತು. ದಾರಿ ತೋರಿದವನು ಶಿಷ್ಯನೇ ಎಂಬುದು ನನ್ನ ಅಭಿಪ್ರಾಯ. ಮುಂದೆ ಕೆನಡಾದ ಟೊರಾಂಟೊದಲ್ಲಿ, ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್ ಅವರ ಬಳಗ ಅದನ್ನು ಶುದ್ಧೀಕರಿಸಿತು. 1930ರ ದಶಕದ ನಡುವೆ ಅದು ಮನುಷ್ಯರಿಗೆ ಬಳಕೆಯಾಗತೊಡಗಿತು.

ಅದೇ ದಶಕದ ಆರಂಭದಲ್ಲಿ ಬಾಸ್ಟನ್ನಿನಲ್ಲಿ ಜಾನ್ ಗಿಬ್ಬನ್ ಎಂಬ ತರುಣ ವೈದ್ಯರು, ಶ್ವಾಸಕೋಶದ ಧಮನಿಗೆ ರಕ್ತದ ಹೆಪ್ಪು ಸಿಲುಕಿ ಸಾಯುತ್ತಿದ್ದ ಮಹಿಳೆಯೊಬ್ಬರ ಬಳಿ ರಾತ್ರಿಯಿಡೀ ಕಾದು ಕುಳಿತಿದ್ದರು. ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಮರಳಿಸಬಾರದೇಕೆ ಎಂಬ ಯೋಚನೆ ಅಲ್ಲಿಯೇ ಹುಟ್ಟಿತು. ಪತ್ನಿ ಮೇರಿಯೊಡನೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದರು. ಹೆಪಾರಿನ್ ಇಲ್ಲದಿದ್ದರೆ ಆ ಯಂತ್ರ ಮೊದಲ ಬೆಕ್ಕಿನಲ್ಲಿಯೇ ಕಟ್ಟಿಹೋಗುತ್ತಿತ್ತು.

1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ, ಹದಿನೆಂಟರ ಯುವತಿಯೊಬ್ಬಳ ಹೃದಯದ ಗೋಡೆಯ ರಂಧ್ರವನ್ನು ಗಿಬ್ಬನ್ ಮುಚ್ಚಿದರು. ರಕ್ತ ತೆಳುವಾಗಿ ಇಳಿದು ಆಮ್ಲಜನಕ ಹೀರುವ ಜಾಲರಿ ಪರದೆಗಳ ಮೇಲೆ, ಹೆಪಾರಿನ್ ಸಾಲದೆ, ಹೆಪ್ಪು ಕಾಣಿಸಿಕೊಳ್ಳತೊಡಗಿತು. ಅವಳು ಸಂಪೂರ್ಣವಾಗಿ ಯಂತ್ರವನ್ನೇ ನಂಬಿದ್ದುದು 26 ನಿಮಿಷ. ಅವಳು ಬದುಕಿದಳು. ಆದರೆ ಅದೇ ವರ್ಷ ಅನಂತರದ ಇಬ್ಬರು ಮಕ್ಕಳು ಉಳಿಯಲಿಲ್ಲ; ಗಿಬ್ಬನ್ ಆ ಶಸ್ತ್ರಕ್ರಿಯೆಯನ್ನೇ ಕೈಬಿಟ್ಟರು.

ಕೆಲಸ ಮುಗಿದ ಮೇಲೆ ರಕ್ತ ಮತ್ತೆ ಹೆಪ್ಪುಗಟ್ಟಬೇಕಷ್ಟೆ! ಅದಕ್ಕೆ ಮೀನಿನ ವೀರ್ಯದಿಂದ ದೊರೆತ ಪ್ರೋಟಮಿನ್ ಒದಗಿತು. ಅದು ಹೆಪಾರಿನನ್ನು ಕಟ್ಟಿಹಾಕುತ್ತದೆಂದು 1937ರಲ್ಲಿಯೇ ತಿಳಿದಿತ್ತು. ಆದರೆ ಪ್ರಮಾಣವನ್ನು ಬಹುಕಾಲ ದೇಹದ ತೂಕ ನೋಡಿ ಅಂದಾಜಿನಿಂದ ನಿರ್ಧರಿಸುತ್ತಿದ್ದರು. ಹಾಸಿಗೆಯ ಪಕ್ಕದಲ್ಲಿಯೇ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಸರಳ ಪರೀಕ್ಷೆ 1966ರಲ್ಲಿ ಬಂದಿತು. ಸಾಮಾನ್ಯವಾಗಿ ಸುಮಾರು ಎರಡು ನಿಮಿಷವಿರುವ ಈ ಕಾಲವನ್ನು, ಯಂತ್ರ ನಡೆಯುವಾಗ 480 ಸೆಕೆಂಡುಗಳಿಗೆ ಮೇಲಿರಿಸುವ ರೂಢಿ 1975ರ ಅನಂತರ ಬೆಳೆಯಿತು.

ಜಾಲರಿ ಪರದೆಗಳು ಹೋಗಿ ಕೂದಲೆಳೆಯಂಥ ಟೊಳ್ಳು ನಾರುಗಳು ಬಂದಿವೆ. ಕೊಳವೆಗಳ ಒಳಮೈಗೇ ಹೆಪಾರಿನ್ ಲೇಪಿಸುವುದೂ ಉಂಟು. ಔಷಧವನ್ನು ಈಗಲೂ ಮುಖ್ಯವಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. 2008ರ ಸುಮಾರಿಗೆ ಚೀನಾದಿಂದ ಬಂದ ಸರಕಿನಲ್ಲಿ ಹೆಪಾರಿನ್‌ನಂತೆಯೇ ಕಾಣುವ ಅಗ್ಗದ ದ್ರವ್ಯ ಬೆರೆತು ಅಮೆರಿಕದಲ್ಲಿ ಸಾವುಗಳು ಸಂಭವಿಸಿದವು. ಅನಂತರವೇ ಅದರ ಶುದ್ಧತೆಯ ಪರೀಕ್ಷೆಗಳನ್ನು ಬಿಗಿಗೊಳಿಸಿದರು.