ಗಿರಣಿಯೊಳಗ ಚಹಾ ಹೆಂಗ ಬಂತು? (ಭಾಗ 4)

ಚಹಾ ನಮ್ಮ ಹಳೇ ಸಂಪ್ರದಾಯ ಅಂತೀವಿ. ನೂರೈವತ್ತು ವರ್ಷದ ಹಿಂದ ಭಾರತದ ಚಹಾ ಬಹುಪಾಲು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗತಿತ್ತು. 1903ರಲ್ಲಿ ರಫ್ತಾಗೋ ಚಹಾದ ಮೇಲೆ ಸೆಸ್ ಬಿತ್ತು. ಕೇಳಿದವರು ತೋಟದ ಮಾಲೀಕರೇ! ಆ ರೊಕ್ಕ ಚಹಾದ ಪ್ರಚಾರಕ್ಕೆ. (ಮಾರ್ಕೆಟಿಂಗ್ ಪೇಪರಿಗೆ ಇದಕ್ಕಿಂತ ಚಲೋ ಉದಾಹರಣೆ ಸಿಗಂಗಿಲ್ಲ.)

ಮೊದಲ ಮಹಾಯುದ್ಧದ ಹೊತ್ತಿಗೆ ಪ್ರಚಾರದವರು ಬಟ್ಟೆ ಗಿರಣಿ, ಕಲ್ಲಿದ್ದಲು ಗಣಿಗಳಿಗೆ ಹೋದರು. ಅಲ್ಲಿ ಚಹಾ ಅಂಗಡಿ ಇಡಿಸಿ, ಕೆಲಸಗಾರರಿಗೆ ಚಹಾಕ್ಕ ಬಿಡುವು ಕೊಡ್ರಿ ಅಂದರು. ದಣಿದ ಕೈ ಮತ್ತ ಓಡ್ತಾವ ಅಂದ್ರ ಯಾವ ಮಾಲೀಕ ಬ್ಯಾಡ ಅಂತಾನ? ಉತ್ತರದ ದೊಡ್ಡ ರೈಲು ಜಂಕ್ಷನ್‌ಗಳಲ್ಲಿ ಕೆಟಲ್, ಕಪ್ ಕೊಟ್ಟು ಮಾರೋರನ್ನ ನಿಲ್ಲಿಸಿದರು. ಅವರು ಹೇಳಿಕೊಟ್ಟಂಗ ಮಾಡದೆ ಹಾಲು-ಸಕ್ಕರಿ ಜಾಸ್ತಿ ಸುರಿದರು. ಪುಣ್ಯಾತ್ಮರು!

ನಮ್ಮ ಹುಬ್ಬಳ್ಳಿಯೂ 1880ರ ದಶಕದಿಂದ ರೈಲ್ವೆ ವರ್ಕ್‌ಶಾಪ್ ಇರೋ ಊರು, ಆಮೇಲೆ ಹತ್ತಿ ಗಿರಣಿಯ ಊರು. ಇಂಥ ಕಡೆ ದುಡಿಯೋರಿಗೆ 1948ರ ಕಾರ್ಖಾನೆ ಕಾಯ್ದೆ ಬಿಡುವನ್ನ ಹಕ್ಕು ಅಂತ ಬರೆದಿಟ್ತು: 5 ತಾಸಿಗಿಂತ ಹೆಚ್ಚು ಒಂದೇ ಸಮ ದುಡಿಸಂಗಿಲ್ಲ, ನಡುವ ಅರ್ಧ ತಾಸು ಬಿಡುವು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನ್ ಬೇಕು ಅಂತ ಸರ್ಕಾರ ನಿಯಮ ಮಾಡಬಹುದಿತ್ತು.

ಅವರ ಚಹಾದ ಜೋಡಿ ಬಿಡುವೂ ಇತ್ತು. ಕಮರಿಪೇಟೆಯಾಗ ಎಕ್ಸಾಮ್ ಹಿಂದಿನ ರಾತ್ರಿ ನಾವು ಕುಡಿಯೋ ಚಹಾಕ್ಕ ಅದಿಲ್ಲ. ಕೆಫೀನ್ ದಣಿವು ತೆಗಿಯಂಗಿಲ್ಲ, ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂಗ ತಡಿತೈತಿ ಅಷ್ಟ. ಅರ್ಧ ಇಳಿಯಾಕ ಸುಮಾರು 5 ತಾಸು ಬೇಕು. ರಾತ್ರಿ 10ಕ್ಕ ಕುಡಿದದ್ದು ನಸುಕಿನ 3ಕ್ಕೂ ಅರ್ಧ ಮೈಯಾಗ ಇರತೈತಿ. ಪೇಪರ್ 10ಕ್ಕ ಇದ್ರ ಆ ಕಪ್ ಮುಂಜಾನೆ 9ಕ್ಕ ಇಟ್ಕೊಳ್ರಿ.